ಲೆಕ್ಕ ಒಪ್ಪಿಸದವನ ಕಾಣಿಕೆ



ದೀಪಾವಳಿಯ ಅಮಾವಾಸ್ಯೆಯ ಸಂಜೆ ನಿಮ್ಮ ಅಂಗಡಿ, ಗಿರಣಿ, ಕಾರಖಾನೆಗಳಲ್ಲಿ ಖಾತೆ-ಕಿರ್ದಿಗಳ ಪೂಜೆ ನಡೆಯುತ್ತದೆ. ಪುಸ್ತಕಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಕರ್ಪೂರ ಬೆಳಗಿ ಕೈಮುಗಿಯುತ್ತೀರಿ. ಹೊಸ ಪುಸ್ತಕವನ್ನು ಮಠಕ್ಕೆ ತಂದು, ಅದರ ಮೊದಲ ಪುಟದಲ್ಲಿ ನಮ್ಮ ಕೈಯಿಂದ ಶ್ರೀಕಾರ ಬರೆಯಿಸಿಕೊಂಡು ಹೋಗುವವರೂ ಅನೇಕರುಂಟು. ಹಿರಿಯರಿಂದ ಬಂದ ಒಳ್ಳೆಯ ಸಂಪ್ರದಾಯವಿದು. ಸರಿಸುಮಾರು ಇದೇ ಹೊತ್ತಿಗೆ, ಅಂದರೆ ಅಕ್ಟೋಬರ್ ತಿಂಗಳ ಕೊನೆಗೆ, ಈ ದೇಶದ ಕಂಪನಿಗಳು ತಮ್ಮ ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಕಂಪನಿ ರಿಜಿಸ್ಟ್ರಾರರಿಗೆ ಒಪ್ಪಿಸಬೇಕಾದ ಗಡುವೂ ಬಂದು ನಿಂತಿರುತ್ತದೆ. ಪುಸ್ತಕವನ್ನು ಪೂಜಿಸುವಾಗ ಇರುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲಾದರೂ ಅದನ್ನು ಒಪ್ಪಿಸುವಾಗ ಕಾಣುವುದೇ? ಕಾಣುವುದಿಲ್ಲ. ಪೂಜೆಗೆ ಮುಹೂರ್ತ ತಪ್ಪಬಾರದು. ಲೆಕ್ಕಕ್ಕೆ ಗಡುವು ತಪ್ಪಿದರೆ ಚಿಂತೆಯಿಲ್ಲ! ಇದೆಂತಹ ಭಕ್ತಿ?

ಕಳೆದ ವರ್ಷ ನಮ್ಮ ಮಠದ ಆಪ್ತ ಭಕ್ತರಲ್ಲಿ ಕೆಲವರು, ಸ್ವಂತ ಕಂಪನಿಗಳನ್ನು ನಡೆಸುವವರು, ಒಂದು ಮನವಿಪತ್ರ ಹಿಡಿದುಕೊಂಡು ಬಂದರು. ಮನೆತನದವರೇ ಕೂಡಿ ನಡೆಸುವ ಕಂಪನಿಗಳಿಗೆ ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ನಿರ್ಬಂಧವನ್ನೇ ತೆಗೆದುಹಾಕಬೇಕೆಂದು ಕೇಂದ್ರ ಸರಕಾರಕ್ಕೆ ಬರೆದ ಪತ್ರವದು. ಅದಕ್ಕೆ ನಮ್ಮ ರುಜು ಬೇಕಾಗಿತ್ತು. ಅವರಲ್ಲಿ ಹಿರಿಯರೊಬ್ಬರು ತಮ್ಮ ಸಹಜವಾದ ಮಾತಿನಲ್ಲಿ, "ಅಜ್ಜಾರ, ನಾವೇನು ಕಳ್ಳರೇನ್ರಿ? ನಮ್ಮ ರೊಕ್ಕ, ನಮ್ಮ ದುಡಿಮಿ. ವರ್ಷಾ ವರ್ಷಾ ಊರಿಗೆಲ್ಲಾ ಲೆಕ್ಕಾ ಯಾಕ ತೋರಸಬೇಕು?" ಎಂದು ಕೇಳಿದರು. ನಾವು ರುಜು ಹಾಕಲಿಲ್ಲ. ಅಂದು ಅವರಿಗೆ ಪೂರ್ತಿ ಉತ್ತರವನ್ನೂ ಕೊಡಲಿಲ್ಲ. ಈ ಲೇಖನವೇ ಆ ಉತ್ತರವೆಂದು ಅವರೂ ನೀವೂ ತಿಳಿಯಬೇಕು. ಇಲ್ಲಿ ಕೆಲವು ಮಾತು ಕಹಿಯಾಗಿರಬಹುದು. ಬೇವಿನ ಸೊಪ್ಪನ್ನು ಯುಗಾದಿಯಂದು ನಾವೇ ನಿಮ್ಮ ಕೈಗೆ ಕೊಡುತ್ತೇವಲ್ಲವೇ?

ಮೊದಲು ಕಾನೂನು ಕೇಳುವುದೇನೆಂಬುದನ್ನು ನೋಡೋಣ. ದೂರುವವರಲ್ಲಿ ಅನೇಕರು ಅದನ್ನು ಓದಿಯೇ ಇಲ್ಲ. ೨೦೧೩ರ ಕಂಪನಿಗಳ ಅಧಿನಿಯಮದಂತೆ ಮಾರ್ಚ್ ೩೧ಕ್ಕೆ ವರ್ಷ ಮುಗಿಯುತ್ತದೆ. ಆ ದಿನ ಕಂಪನಿಯ ಆಸ್ತಿ ಎಷ್ಟು, ಹೊಣೆ ಎಷ್ಟು ಎಂದು ತಿಳಿಸುವ ಅಢಾವೆ ಪತ್ರಿಕೆ, ವರ್ಷದ ಲಾಭ-ಹಾನಿಯ ಲೆಕ್ಕ, ಅವುಗಳ ಟಿಪ್ಪಣಿಗಳು ಸಿದ್ಧವಾಗಬೇಕು. ನಿರ್ದೇಶಕ ಮಂಡಲಿಯು ಅವನ್ನು ಒಪ್ಪಿ ರುಜು ಹಾಕಬೇಕು. ಚಾರ್ಟರ್ಡ್ ಅಕೌಂಟೆಂಟರು ಪರಿಶೋಧಿಸಿ ವರದಿ ಕೊಡಬೇಕು. ಸೆಪ್ಟೆಂಬರ್ ೩೦ರ ಒಳಗೆ ಷೇರುದಾರರ ವಾರ್ಷಿಕ ಸಾಮಾನ್ಯ ಸಭೆ ಸೇರಬೇಕು. ಸಭೆಯಾದ ೩೦ ದಿನಗಳೊಳಗೆ ಲೆಕ್ಕಪತ್ರಗಳನ್ನು, ೬೦ ದಿನಗಳೊಳಗೆ ಷೇರುದಾರರು ಮತ್ತು ನಿರ್ದೇಶಕರು ಯಾರೆಂಬುದನ್ನು ತಿಳಿಸುವ ವಾರ್ಷಿಕ ವಿವರಣಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಒಬ್ಬನೇ ಸದಸ್ಯನಿರುವ ಕಂಪನಿಗೆ ವಾರ್ಷಿಕ ಸಭೆಯ ಕಟ್ಟುಪಾಡಿಲ್ಲ. ವರ್ಷ ಮುಗಿದ ೧೮೦ ದಿನಗಳೊಳಗೆ ಲೆಕ್ಕ ಸಲ್ಲಿಸಿದರಾಯಿತು. ಮೂಲ ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಕಾಯ್ದಿಡಬೇಕು. ಸಲ್ಲಿಸಿದ ಪತ್ರಗಳನ್ನು ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಇಷ್ಟೇ. ವರ್ಷಕ್ಕೊಮ್ಮೆ, ಮನೆಯ ಬಾಗಿಲನ್ನು ಅಲ್ಲ, ಅಂಗಡಿಯ ಬಾಗಿಲನ್ನು ತೆರೆದು, "ಇಲ್ಲಿ ಇಷ್ಟಿದೆ, ಇಷ್ಟಿಲ್ಲ" ಎಂದು ಹೇಳುವುದು.

ಇನ್ನು ಯಾರನ್ನು ಕೇಳುವುದಿಲ್ಲವೆಂಬುದನ್ನೂ ನೋಡಿರಿ. ವಾದದ ಕೀಲಿಕೈ ಇರುವುದು ಇಲ್ಲಿಯೇ. ಪೇಟೆಯಲ್ಲಿ ಸ್ವಂತ ಹೆಸರಿನಲ್ಲಿ ಕಿರಾಣಿ ಅಂಗಡಿ ನಡೆಸುವವನು ರಿಜಿಸ್ಟ್ರಾರರಿಗೆ ಯಾವ ಅಢಾವೆ ಪತ್ರಿಕೆಯನ್ನೂ ಕೊಡಬೇಕಾಗಿಲ್ಲ. ೧೯೩೨ರ ಪಾಲುದಾರಿಕೆ ಅಧಿನಿಯಮದಂತೆ ಅಣ್ಣತಮ್ಮಂದಿರು ಕೂಡಿ ನಡೆಸುವ ದಲಾಲಿ ಅಂಗಡಿಯೂ ಕೊಡಬೇಕಾಗಿಲ್ಲ. ಅವರು ತೆರಿಗೆಯ ಇಲಾಖೆಗೆ ಉತ್ತರ ಹೇಳಿದರೆ ಸಾಕು; ಊರಿಗೆ ಲೆಕ್ಕ ತೋರಿಸಬೇಕಾದ ಕಾರಣವಿಲ್ಲ. ಏಕೆಂದರೆ ಅಂಗಡಿ ಮುಳುಗಿದರೆ ಅವರೂ ಮುಳುಗುತ್ತಾರೆ. ಸಾಲ ಕೊಟ್ಟವನು ಅವರ ಹೊಲ, ಮನೆ, ಬಂಗಾರದವರೆಗೂ ಕೈಚಾಚಬಲ್ಲನು. ಅವರು ಪಣಕ್ಕೆ ಒಡ್ಡಿರುವುದು ತಮ್ಮನ್ನೇ.

ನೀವು ಹಾಗಲ್ಲ. ನಿಮ್ಮ ಫಲಕದ ಮೇಲೆ 'ಪ್ರೈವೇಟ್ ಲಿಮಿಟೆಡ್' ಎಂದು ದೊಡ್ಡದಾಗಿ ಬರೆಯಿಸಿದ್ದೀರಿ. ಆ 'ಲಿಮಿಟೆಡ್' ಎಂಬ ಶಬ್ದದ ಅರ್ಥವನ್ನು ಎಂದಾದರೂ ವಿಚಾರಿಸಿದ್ದೀರಾ? ಅದು ಪ್ರತಿಷ್ಠೆಯ ಬಿರುದಲ್ಲ, ಎಚ್ಚರಿಕೆಯ ಫಲಕ. "ಈ ಅಂಗಡಿಯೊಡನೆ ವ್ಯವಹರಿಸುವವರು ತಿಳಿಯಿರಿ: ನಾಳೆ ಇದು ಮುಳುಗಿದರೆ ಒಡೆಯರು ತಾವು ಹಾಕಿದ ಷೇರು ಹಣದಷ್ಟನ್ನು ಮಾತ್ರ ಕಳೆದುಕೊಳ್ಳುತ್ತಾರೆ, ಉಳಿದ ನಷ್ಟ ನಿಮ್ಮದು" ಎಂಬುದೇ ಅದರ ಅರ್ಥ. ಇಂತಹ ರಕ್ಷಾಕವಚವನ್ನು ನಿಮಗೆ ತೊಡಿಸಿದವರು ಯಾರು? ನಿಮ್ಮ ದುಡಿಮೆಯೂ ಅಲ್ಲ, ನಿಮ್ಮ ಮನೆದೇವರೂ ಅಲ್ಲ. ಸಮಾಜವು ಕಾನೂನಿನ ಮೂಲಕ ತೊಡಿಸಿತು. ಇಂಗ್ಲೆಂಡಿನಲ್ಲಿ ೧೮೫೫ರಲ್ಲಿ, ನಮ್ಮ ದೇಶದಲ್ಲಿ ೧೮೫೭ರಲ್ಲಿ ಶಾಸನ ಮಾಡಿ ಕೊಟ್ಟ ಸೌಲಭ್ಯವದು. ಅದಕ್ಕೆ ಮೊದಲು ಅದು ಸಾಮಾನ್ಯ ವ್ಯಾಪಾರಿಗೆ ಹಕ್ಕಿನಿಂದ ದೊರೆಯುತ್ತಿರಲಿಲ್ಲ. ಆದ್ದರಿಂದ ಸೀಮಿತ ಹೊಣೆಗಾರಿಕೆಯೆಂಬುದು ಸಮಾಜವು ನಿಮಗೆ ಕೊಟ್ಟ ಸಾಲ. ವರ್ಷಕ್ಕೊಮ್ಮೆ ಒಪ್ಪಿಸುವ ಲೆಕ್ಕವು ಅದರ ಬಡ್ಡಿ. ಸಾಲವನ್ನು ಇಟ್ಟುಕೊಳ್ಳುತ್ತೇವೆ, ಬಡ್ಡಿ ಕೊಡುವುದಿಲ್ಲ ಎನ್ನುವವರನ್ನು ನಿಮ್ಮ ಪೇಟೆಯಲ್ಲಿ ಏನೆಂದು ಕರೆಯುತ್ತಾರೋ ನಿಮಗೇ ಗೊತ್ತು.

ನಾವು ಧಾರವಾಡದಲ್ಲಿ ಓದುತ್ತಿದ್ದಾಗ ಕಾನೂನು ವಿದ್ಯಾರ್ಥಿಗಳಾಗಿದ್ದ ಗೆಳೆಯರ ಬಾಯಿಂದ ಸಾಲೊಮನ್ನನ ಮೊಕದ್ದಮೆಯ ಕಥೆಯನ್ನು ಕೇಳಿದ್ದೆವು. ಲಂಡನ್ನಿನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲೊಮನ್ ಎಂಬವನು ತನ್ನ ಉದ್ಯಮವನ್ನು ಕಂಪನಿಯನ್ನಾಗಿ ಮಾಡಿದನು. ಹೆಂಡತಿಗೂ ಐವರು ಮಕ್ಕಳಿಗೂ ಒಂದೊಂದು ಷೇರು ಕೊಟ್ಟು ಮಿಕ್ಕುದನ್ನೆಲ್ಲ ತಾನೇ ಇಟ್ಟುಕೊಂಡನು; ಮೇಲಾಗಿ ಆಸ್ತಿಯ ಭದ್ರತೆಯುಳ್ಳ ಸಾಲಪತ್ರಗಳನ್ನೂ ಕಂಪನಿಯಿಂದ ತನ್ನ ಹೆಸರಿಗೆ ಪಡೆದನು. ಕಂಪನಿ ಮುಳುಗಿತು. ಭದ್ರತೆಯಿಲ್ಲದೆ ಮಾಲು ಕೊಟ್ಟವರಿಗೆ ಏನೂ ಉಳಿಯಲಿಲ್ಲ. ಅವರು ಒಡೆಯನ ಮೇಲೆ ಹೊಣೆ ಹೊರಿಸಲು ಹೋದಾಗ, ೧೮೯೬ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಪೀಠವು ಕಂಪನಿಯೇ ಬೇರೆ, ಸಾಲೊಮನ್ನನೇ ಬೇರೆ ಎಂದು ತೀರ್ಪಿತ್ತಿತು. ಇಂದು ನಿಮ್ಮ ಕಂಪನಿಗಳು ನಿಂತಿರುವುದು ಈ ತತ್ತ್ವದ ಮೇಲೆಯೇ. ಕಂಪನಿಯು ಬೇರೊಬ್ಬ ವ್ಯಕ್ತಿಯೆಂದು ಹೇಳಿ ಸಾಲದಿಂದ ಪಾರಾಗುವವರು, ಲೆಕ್ಕ ಕೇಳಿದಾಗ ಮಾತ್ರ "ಅದು ನನ್ನ ಸ್ವಂತ ರೊಕ್ಕ" ಎನ್ನುವುದು ಯಾವ ನ್ಯಾಯ? ಸಾಲ ತೀರಿಸುವ ದಿನ ಕಂಪನಿ ಬೇರೆ, ಲೆಕ್ಕ ತೋರಿಸುವ ದಿನ ಕಂಪನಿಯೂ ನಾನೂ ಒಂದೇ! ಈ ಅದ್ವೈತವನ್ನು ಯಾವ ಆಚಾರ್ಯರೂ ಬೋಧಿಸಿಲ್ಲ.

ಇದು ಬರಿಯ ತರ್ಕವೆಂದು ಭಾವಿಸುವಿರೇನೋ. ನಮ್ಮ ಮಠದ ಅಂಗಳದಲ್ಲಿಯೇ ನಡೆದ ಸಂಗತಿಯನ್ನು ಹೇಳುತ್ತೇವೆ. ಇಬ್ಬರೂ ನಮ್ಮ ಭಕ್ತರು. ಆದುದರಿಂದ ಹೆಸರು, ಊರು ಬೇಡ.

ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿದ ಹುಡುಗನೊಬ್ಬನು ಮುಂದೆ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರಖಾನೆ ಹಾಕಿದನು. ಎಂಟು ಮಂದಿ ಕೆಲಸಗಾರರು. ಮಠದ ಹಿರಿಯ ಭಕ್ತರೊಬ್ಬರ ಎಣ್ಣೆ ಗಿರಣಿಯ ಕಂಪನಿಗೆ ಪೆಟ್ಟಿಗೆ ಒದಗಿಸತೊಡಗಿದನು. ಹಿರಿಯರೆಂಬ ಗೌರವ, ಒಂದೇ ಮಠದವರೆಂಬ ವಿಶ್ವಾಸ. ಉದ್ದರಿ ಬೆಳೆಯುತ್ತ ಹನ್ನೊಂದು ಲಕ್ಷ ರೂಪಾಯಿಗೆ ಮುಟ್ಟಿತು. ಒಂದು ದಿನ ಗಿರಣಿ ನಿಂತಿತು. ಬ್ಯಾಂಕು ತನ್ನ ಅಡವಿನ ಹಕ್ಕಿನಿಂದ ಯಂತ್ರಗಳನ್ನೂ ಕಟ್ಟಡವನ್ನೂ ವಶಪಡಿಸಿಕೊಂಡಿತು. ಹುಡುಗನು ನಮ್ಮ ಬಳಿ ಬಂದು ಅತ್ತನು. ಇಬ್ಬರನ್ನೂ ಕರೆಯಿಸಿ ಕೂಡಿಸಿದೆವು. ಹಿರಿಯರು ಗದ್ದುಗೆಯ ಮುಂದೆ ನಿಂತು, "ಕಂಪನ್ಯಾಗ ಏನೂ ಉಳದಿಲ್ರಿ ಅಜ್ಜಾರ" ಎಂದರು. ಅದು ಸತ್ಯವೇ ಆಗಿತ್ತು. ಅವರ ಮನೆ, ತೋಟ, ಮೋಟಾರು ಮಾತ್ರ ಹಾಗೆಯೇ ಇದ್ದವು. ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ತಪ್ಪೂ ಇರಲಿಲ್ಲ.

ಆ ಬಳಿಕ ಹುಡುಗನು ಒಬ್ಬ ವಕೀಲರ ಮಾತಿನಂತೆ ಆ ಕಂಪನಿಯು ರಿಜಿಸ್ಟ್ರಾರರಲ್ಲಿ ಸಲ್ಲಿಸಿದ ಪತ್ರಗಳನ್ನು ತೆಗೆಯಿಸಿ ನೋಡಿದನು. ಎರಡು ವರ್ಷಗಳಿಂದ ಲೆಕ್ಕವೇ ಸಲ್ಲಿರಲಿಲ್ಲ. ಅದರ ಹಿಂದಿನ ವರ್ಷದ ಅಢಾವೆ ಪತ್ರಿಕೆಯಲ್ಲಿಯೇ ಬಂಡವಾಳ ಕರಗಿ ನಷ್ಟವು ಅದನ್ನು ಮೀರಿ ನಿಂತಿತ್ತು. ಮಾಲು ಕೊಡುವ ಮೊದಲು ಆ ಎರಡು ಹಾಳೆಗಳನ್ನು ನೋಡಿದ್ದರೆ, ಇಲ್ಲವೇ ನೋಡಲು ಮುಂದಿನ ಎರಡು ವರ್ಷದ ಹಾಳೆಗಳು ಇದ್ದಿದ್ದರೆ, ಆತ ಉದ್ದರಿ ನಿಲ್ಲಿಸುತ್ತಿದ್ದನು. ಈಗ ಎಂಟು ಮಂದಿ ಕೆಲಸಗಾರರಲ್ಲಿ ಐವರನ್ನು ಬಿಡಿಸಿದ್ದಾನೆ. ಹೆಂಡತಿಯ ತಾಳಿಯ ಬಂಗಾರ ಇಂದಿಗೂ ಅಡವಿನಲ್ಲಿದೆ.

ಆ ಹಿರಿಯರು ಕಳ್ಳರಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ. ಮೊದಲ ವರ್ಷ ಲೆಕ್ಕ ಸಲ್ಲದೆ ಉಳಿದುದು ಆಲಸ್ಯದಿಂದ. ಎರಡನೆಯ ವರ್ಷ ಉಳಿದುದು ನಾಚಿಕೆಯಿಂದ. ನಷ್ಟವನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. "ಮುಂದಿನ ಹಂಗಾಮಿಗೆ ಸರಿಹೋದೀತು, ಆಗ ಎಲ್ಲವನ್ನೂ ಕೂಡಿಯೇ ಸಲ್ಲಿಸೋಣ" ಎಂದುಕೊಂಡರು. ಕಳ್ಳತನದ ಉದ್ದೇಶವಿಲ್ಲದೆಯೇ ಇನ್ನೊಬ್ಬನ ಮನೆ ಕೆಡುವುದು ಹೀಗೆ. "ನಾವೇನು ಕಳ್ಳರೇ?" ಎಂಬ ಪ್ರಶ್ನೆಗೆ ಇದೇ ಉತ್ತರ. ಲೆಕ್ಕದ ಕಾನೂನು ಕಳ್ಳರಿಗಾಗಿ ಮಾತ್ರ ಹುಟ್ಟಿದ್ದಲ್ಲ. ಅಂಗಡಿಯಲ್ಲಿ ತಕ್ಕಡಿ ಇಟ್ಟ ಮಾತ್ರಕ್ಕೆ ಅಂಗಡಿಕಾರನು ಕಳ್ಳನೆಂದು ಯಾರೂ ಹೇಳುವುದಿಲ್ಲ. ತಕ್ಕಡಿಯನ್ನು ಒಳಗಿಟ್ಟುಕೊಂಡು "ನನ್ನನ್ನು ನಂಬಿರಿ" ಎನ್ನುವವನ ಕುರಿತೇ ಜನ ಮಾತಾಡುತ್ತಾರೆ.

ಇನ್ನೊಂದು ಮಾತನ್ನು ಗಮನಿಸಿರಿ. ಬ್ಯಾಂಕು ನಿಮಗೆ ಸಾಲ ಕೊಡುವಾಗ ಅಡವು ಬರೆಯಿಸಿಕೊಳ್ಳುತ್ತದೆ. ನಿರ್ದೇಶಕರ ಸ್ವಂತ ಜಾಮೀನನ್ನೂ ಕೇಳುತ್ತದೆ. ಆಗಾಗ ದಾಸ್ತಾನು ನೋಡಿ ಹೋಗುತ್ತದೆ. ಬಲವುಳ್ಳವನು ತನ್ನ ರಕ್ಷಣೆಯನ್ನು ತಾನೇ ಮಾಡಿಕೊಳ್ಳುತ್ತಾನೆ. ರಟ್ಟಿನ ಪೆಟ್ಟಿಗೆಯವನು, ಹತ್ತಿ ಕೊಟ್ಟ ರೈತನು, ತಿಂಗಳ ಕೊನೆಗೆ ಸಂಬಳ ಎದುರುನೋಡುವ ಗುಮಾಸ್ತನು ನಿಮ್ಮನ್ನು ಜಾಮೀನು ಕೇಳಬಲ್ಲರೇ? ಅವರ ಪಾಲಿಗೆ ಇರುವ ಒಂದೇ ಕಿಟಕಿ ಈ ಬಹಿರಂಗ ಲೆಕ್ಕ. ಅದನ್ನೂ ಮುಚ್ಚಬೇಕೆನ್ನುವುದು ನಿಮ್ಮ ಮನವಿಪತ್ರ. ಸರಕಾರವೂ ಇದನ್ನು ಅರಿತೇ, ಸಣ್ಣ ಉದ್ದಿಮೆದಾರರಿಗೆ ೪೫ ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಆ ಬಾಕಿಯ ವಿವರವನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕೆಂದು ೨೦೧೯ರಲ್ಲಿ ಆಜ್ಞೆ ಮಾಡಿತು.

"ಪ್ರತಿಸ್ಪರ್ಧಿಗಳು ನಮ್ಮ ಲೆಕ್ಕ ನೋಡಿ ಗುಟ್ಟು ತಿಳಿಯುತ್ತಾರೆ" ಎಂಬುದು ಎರಡನೆಯ ಆಕ್ಷೇಪ. ಅಢಾವೆ ಪತ್ರಿಕೆಯಲ್ಲಿ ನಿಮ್ಮ ಗಿರಾಕಿಗಳ ಪಟ್ಟಿಯಿಲ್ಲ, ಎಣ್ಣೆ ತೆಗೆಯುವ ಮರ್ಮವಿಲ್ಲ. ಒಟ್ಟು ಆಸ್ತಿ, ಒಟ್ಟು ಸಾಲ, ಒಟ್ಟು ಲಾಭ-ಹಾನಿ ಇರುತ್ತವೆ. ನಿಮ್ಮ ಪ್ರತಿಸ್ಪರ್ಧಿಯ ಲೆಕ್ಕವೂ ಅದೇ ಕಚೇರಿಯಲ್ಲಿ ನಿಮಗಾಗಿ ತೆರೆದಿರುತ್ತದೆ.

"ಅದನ್ನೆಲ್ಲ ನಮ್ಮ ಆಡಿಟರು ನೋಡಿಕೊಳ್ಳುತ್ತಾರೆ" ಎಂಬುದು ಮೂರನೆಯದು. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದೇ. ಪರಿಶೋಧಕರ ಕೆಲಸ ಲೆಕ್ಕವನ್ನು ಪರೀಕ್ಷಿಸಿ ಅಭಿಪ್ರಾಯ ಹೇಳುವುದು. ಲೆಕ್ಕವನ್ನು ಬರೆಯುವ, ಒಪ್ಪುವ, ಒಪ್ಪಿಸುವ ಹೊಣೆ ನಿರ್ದೇಶಕರದು. ಅಧಿನಿಯಮದಂತೆ ಅವರು ತಮ್ಮ ವರದಿಯಲ್ಲಿ ಹಾಗೆಂದು ಬರೆದುಕೊಡುತ್ತಾರೆ ಕೂಡ. ಬರೆದುಕೊಟ್ಟುದನ್ನು ಓದಿದವರೆಷ್ಟು ಮಂದಿ? ಕಂಪನಿಗೆ ಇಬ್ಬರು ನಿರ್ದೇಶಕರು ಬೇಕೆಂದು ಹೆಂಡತಿಯನ್ನು, ಸೊಸೆಯನ್ನು, ಕೆಲವೊಮ್ಮೆ ಮೋಟಾರು ಓಡಿಸುವ ಹುಡುಗನನ್ನು ಕರೆದು "ಇಲ್ಲಿ ಸಹಿ ಮಾಡು" ಎನ್ನುತ್ತೀರಿ. ಮೂರು ವರ್ಷ ಎಡೆಬಿಡದೆ ಲೆಕ್ಕಪತ್ರವಾಗಲಿ ವಾರ್ಷಿಕ ವಿವರಣಪತ್ರವಾಗಲಿ ಸಲ್ಲದಿದ್ದರೆ, ಆ ಕಂಪನಿಯ ನಿರ್ದೇಶಕರು ಐದು ವರ್ಷ ಯಾವ ಕಂಪನಿಗೂ ನೇಮಕವಾಗಲು ಅನರ್ಹರಾಗುತ್ತಾರೆ. ೨೦೧೭ರಲ್ಲಿ ಸರಕಾರವು ಲೆಕ್ಕ ಸಲ್ಲಿಸದೆ ನಿಷ್ಕ್ರಿಯವಾಗಿದ್ದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರುಗಳನ್ನು ದಾಖಲೆಯಿಂದ ಹೊಡೆದುಹಾಕಿತು; ಮೂರು ಲಕ್ಷದಷ್ಟು ನಿರ್ದೇಶಕರನ್ನು ಅನರ್ಹರೆಂದು ಸಾರಿತು. ಅವರಲ್ಲಿ ತಾವು ನಿರ್ದೇಶಕರೆಂಬುದನ್ನೇ ಮರೆತಿದ್ದ ಗೃಹಿಣಿಯರೆಷ್ಟೋ! ಮನೆಯ ಹೆಣ್ಣುಮಗಳ ಹೆಸರನ್ನು ಲೆಕ್ಕವಿಲ್ಲದ ಕಾಗದದ ಮೇಲೆ ಇಟ್ಟವನು ಅವಳಿಗೆ ಮಾಡಿದ್ದು ಗೌರವವಲ್ಲ.

ನಾಲ್ಕನೆಯ ಆಕ್ಷೇಪದಲ್ಲಿ ಸ್ವಲ್ಪ ಸತ್ಯವುಂಟು, ಅದನ್ನು ಮುಚ್ಚಿಡಲಾರೆವು. "ಸಣ್ಣವರಿಗೆ ಇದು ಹೊರೆ" ಎನ್ನುತ್ತೀರಿ. ೨೦೧೮ರ ಜುಲೈಯಿಂದ ತಡವಾದ ಪ್ರತಿಯೊಂದು ಪತ್ರಕ್ಕೆ ದಿನಕ್ಕೆ ೧೦೦ ರೂಪಾಯಿಯಂತೆ ಹೆಚ್ಚುವರಿ ಶುಲ್ಕವನ್ನು ಗೊತ್ತುಪಡಿಸಿದರು. ಎರಡು ಪತ್ರಗಳು ಒಂದು ವರ್ಷ ತಡವಾದರೆ ೭೩,೦೦೦ ರೂಪಾಯಿ. ಸಾವಿರಾರು ಕೋಟಿಯ ಕಂಪನಿಗೆ ಇದು ಎಲೆಯಡಿಕೆಯ ಖರ್ಚು. ಹತ್ತು ಮಂದಿಯ ಕಾರಖಾನೆಗೆ ಬೆನ್ನು ಮುರಿಯುವ ದಂಡ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ಕನ್ನಡವನ್ನು ಮಾತ್ರ ಬಲ್ಲ ಉದ್ಯಮಿಯು ತಾನು ಯಾವ ಮಾತಿಗೆ ರುಜು ಹಾಕುತ್ತಿದ್ದೇನೆಂದು ತನ್ನ ಭಾಷೆಯಲ್ಲಿ ಓದಿಕೊಳ್ಳುವಂತಾಗಬೇಕು. ಅಲ್ಲದೆ ಸರಕಾರವು ಕೆಲವೊಮ್ಮೆ ಮಾಫಿಯ ಯೋಜನೆಗಳನ್ನು ಸಾರಿ, ೨೦೨೦ರಲ್ಲಿ ಮಾಡಿದಂತೆ, ತಡಮಾಡಿದವರ ಹೆಚ್ಚುವರಿ ಶುಲ್ಕವನ್ನೆಲ್ಲ ಬಿಟ್ಟುಕೊಟ್ಟಾಗ, ಹೊತ್ತಿಗೆ ಸರಿಯಾಗಿ ಸಲ್ಲಿಸಿದವನು ಮೂರ್ಖನಾಗುತ್ತಾನೆ. ಈ ಲೋಪಗಳನ್ನು ತಿದ್ದಿರೆಂದು ಬರೆದ ಮನವಿಯನ್ನು ತನ್ನಿರಿ. ಮೊದಲ ರುಜು ನಮ್ಮದು. ಆದರೆ ದಂಡ ಭಾರವಾಯಿತೆಂದು ಧರ್ಮವನ್ನೇ ಬಿಡಿಸಿರಿ ಎನ್ನಬೇಡಿರಿ. ಕಂಪನಿ ನಡೆಸಲಾಗದಿದ್ದರೆ ಕಾನೂನಿನ ಪ್ರಕಾರವೇ ಅದನ್ನು ಮುಚ್ಚಲು ಅರ್ಜಿ ಹಾಕಬಹುದು. ಸದ್ಯಕ್ಕೆ ವ್ಯವಹಾರವಿಲ್ಲದಿದ್ದರೆ 'ಸುಪ್ತ ಕಂಪನಿ' ಎಂಬ ಸ್ಥಾನ ಪಡೆಯಬಹುದು. ಕವಚದ ಭಾರ ಬೇಡವಾದರೆ ಕವಚ ಕಳಚಿ, ಸ್ವಂತ ಹೆಸರಿನಲ್ಲಿ ಅಂಗಡಿ ಹಾಕಿರಿ. ಆಗ ಯಾವ ರಿಜಿಸ್ಟ್ರಾರರೂ ನಿಮ್ಮನ್ನು ಅಢಾವೆ ಪತ್ರಿಕೆ ಕೇಳುವುದಿಲ್ಲ. ಹಾಗೆ ಮಾಡಲು ಮನವಿಪತ್ರ ತಂದವರಲ್ಲಿ ಒಬ್ಬರೂ ಮುಂದೆ ಬರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇವೆ.

ಸಣ್ಣವರ ಮಾತು ಬಂದಾಗ ನಮಗೆ ಗದಗ ಸೀಮೆಯ ಕಣಗಿನಹಾಳ ನೆನಪಾಗುತ್ತದೆ. ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆ ಕಾಯಿದೆಯಡಿಯ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಸದಸ್ಯರ ಹೊಲಮನೆಗಳೂ ಹೋಗುತ್ತಿದ್ದವು. ಹಾಗಿದ್ದೂ ಆ ಕಾಯಿದೆಯು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯನ್ನು ವಿಧಿಸಿತ್ತು. ಮೈಯೆಲ್ಲ ತೆರೆದುಕೊಂಡು ನಿಂತ ಒಕ್ಕಲಿಗರು ಲೆಕ್ಕವನ್ನೂ ತೆರೆದಿಟ್ಟರು. ಕವಚ ತೊಟ್ಟು ನಿಂತವರು ಲೆಕ್ಕವನ್ನು ಮುಚ್ಚಿಡಬೇಕೆನ್ನುತ್ತಾರೆ! ನೂರಿಪ್ಪತ್ತು ವರ್ಷಗಳಲ್ಲಿ ನಾವು ಕಲಿತದ್ದು ಇಷ್ಟೇ ಏನು?

ಸಹಕಾರ ಸಂಘಗಳ ಸದಸ್ಯರಾಗಿರುವ ನಿಮ್ಮೆಲ್ಲರಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ವಾರ್ಷಿಕ ಸಭೆಗೆ ನೀವು ಹೋಗುವುದುಂಟು. ಅಚ್ಚಾದ ವರದಿಯನ್ನು ಮಡಿಚಿ ಬೀಸಣಿಗೆ ಮಾಡಿಕೊಂಡು ಕೂಡ್ರುತ್ತೀರಿ. ಕಾರ್ಯದರ್ಶಿಗಳು ಓದುವ ಮೊದಲೇ "ಮಂಜೂರು, ಮಂಜೂರು" ಎಂದು ಕೂಗಿ ಊಟದ ಪಂಕ್ತಿಗೆ ಏಳುತ್ತೀರಿ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರನೊಬ್ಬನು ೩೫,೦೦೦ ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದಾಗ, ನಿವೃತ್ತಿಯ ಗಂಟನ್ನೆಲ್ಲ ಅಲ್ಲಿಟ್ಟಿದ್ದ ವೃದ್ಧರು ಬ್ಯಾಂಕಿನ ಬಾಗಿಲಲ್ಲಿ ನಿಂತು ಕಣ್ಣೀರಿಟ್ಟರು. ಲೆಕ್ಕ ಒಪ್ಪಿಸುವುದು ಒಬ್ಬನ ಧರ್ಮವಾದರೆ ಓದುವುದು ಇನ್ನೊಬ್ಬನ ಧರ್ಮ. ಓದುವವರಿಲ್ಲದ ಲೆಕ್ಕವು ಕೇಳುವವರಿಲ್ಲದ ಪುರಾಣದಂತೆ.

ಕೊನೆಯ ಆಕ್ಷೇಪವನ್ನು ವಿದ್ಯಾವಂತ ತರುಣರೊಬ್ಬರು ಎತ್ತಿದರು: "ಸತ್ಯಂ ಕಂಪನಿ ಪ್ರತಿವರ್ಷ ಲೆಕ್ಕ ಪ್ರಕಟಿಸಿತ್ತಲ್ಲವೇ? ವಿಶ್ವವಿಖ್ಯಾತ ಹೆಸರಿನ ಪರಿಶೋಧಕರು ರುಜು ಹಾಕಿದ್ದರಲ್ಲವೇ? ಅದರಿಂದೇನಾಯಿತು?" ಪ್ರಶ್ನೆ ಯೋಗ್ಯವಾದುದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು ೨೦೦೯ರ ಜನವರಿ ೭ರಂದು ಪತ್ರ ಬರೆದು, ತಮ್ಮ ಅಢಾವೆ ಪತ್ರಿಕೆಯಲ್ಲಿ ತೋರಿಸಿದ್ದ ನಗದಿನಲ್ಲಿ ೫,೦೦೦ ಕೋಟಿ ರೂಪಾಯಿಗೂ ಹೆಚ್ಚು ಮೊತ್ತ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಹೆಸರು ಸತ್ಯ, ಒಳಗಿದ್ದುದು ಮಿಥ್ಯ. ಮೊದಲು ಸಣ್ಣದಾಗಿದ್ದ ಅಂತರವು ವರ್ಷ ವರ್ಷ ಬೆಳೆದು, ಹುಲಿಯ ಸವಾರಿಯಂತಾಗಿ ಇಳಿಯಲಾರದೆ ಹೋದೆನೆಂಬುದು ಅವರ ಮಾತಿನ ತಾತ್ಪರ್ಯ. ನಮ್ಮ ಎಣ್ಣೆ ಗಿರಣಿಯ ಹಿರಿಯರ ನಾಚಿಕೆಯೂ ಇದೇ ಜಾತಿಯದು; ಗಾತ್ರ ಬೇರೆ ಅಷ್ಟೇ.

ಆದರೆ ತರುಣರು ಕಥೆಯ ಉತ್ತರಾರ್ಧವನ್ನು ಬಿಟ್ಟರು. ಆ ಸುಳ್ಳು ಅಪರಾಧವಾದುದು ಬರೆದು ಕೊಟ್ಟುದರಿಂದ. ಬಾಯಿಮಾತಿನ ಸುಳ್ಳು ಗಾಳಿಗೆ ಹೋಗುತ್ತದೆ. ರುಜು ಹಾಕಿ ಒಪ್ಪಿಸಿದ ಸುಳ್ಳು ಸಾಕ್ಷಿಯಾಗಿ ಉಳಿಯುತ್ತದೆ. ೨೦೧೫ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು ಅವರಿಗೂ ಸಂಗಡಿಗರಿಗೂ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಆ ಪ್ರಕರಣದ ಪಾಠದಿಂದಲೇ ೨೦೧೩ರ ಅಧಿನಿಯಮ ಬಿಗಿಯಾಯಿತು. ದೊಡ್ಡ ಕಂಪನಿಗಳ ಪರಿಶೋಧಕರನ್ನೇ ವಿಚಾರಿಸುವ ರಾಷ್ಟ್ರೀಯ ಪ್ರಾಧಿಕಾರವು ೨೦೧೮ರಲ್ಲಿ ಹುಟ್ಟಿತು. ೨೦೨೩ರ ಏಪ್ರಿಲ್‌ನಿಂದ, ಕಂಪನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಬರೆದರೆ ಯಾವ ದಿನ ಯಾವ ಅಂಕಿಯನ್ನು ತಿದ್ದಿದರೆಂಬ ಗುರುತೂ ಅಳಿಯದಂತೆ ಉಳಿಯಬೇಕೆಂದು ನಿಯಮವಾಯಿತು. ಬೀಗ ಮುರಿದು ಕಳ್ಳತನವಾಯಿತೆಂದು ಊರವರೆಲ್ಲ ಬಾಗಿಲು ಕಿತ್ತೊಗೆಯುವುದಿಲ್ಲ; ಇನ್ನೂ ಗಟ್ಟಿಯಾದ ಬೀಗ ಹಾಕುತ್ತಾರೆ.

ಭಕ್ತರೇ, ಇಷ್ಟು ಹೊತ್ತು ನಿಮ್ಮನ್ನು ದಂಡಿಸಿದ ನಾವು ಈಗ ನಮ್ಮ ತಪ್ಪನ್ನು ಒಪ್ಪಿಸಬೇಕು. ಲೆಕ್ಕ ಕೇಳುವವನು ಲೆಕ್ಕ ಕೊ​ಡದೆ ಏಳಬಾರದು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ತಿಳಿದುದೇ. ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನವರು ತಂದ ದಿನ, ಆ ತಾಯಿ ಅದನ್ನು ಮನೆಯೊಳಗೆ ತೆಗೆದುಕೊಳ್ಳದೆ, ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದಳು. ಅವಳಿಗಿಂತ ಸಣ್ಣ ಸಂಸಾರ ಯಾರದಿತ್ತು? ಅವಳಿಗಿಂತ ನಿಖರವಾದ ಲೆಕ್ಕ ಯಾರದಿತ್ತು? ಪ್ರತಿವರ್ಷ ಜಾತ್ರೆಯಲ್ಲಿ ಈ ಕಥೆಯನ್ನು ಹೇಳಿ ನಿಮ್ಮ ಕಣ್ಣುಗಳನ್ನು ಒದ್ದೆ ಮಾಡಿದ್ದೇವೆ. ಆದರೆ ಆ ಎಣ್ಣೆ ಗಿರಣಿಯ ಕಂಪನಿಯು, ರಟ್ಟಿನ ಪೆಟ್ಟಿಗೆಯ ಹುಡುಗನಿಗೆ ಬಾಕಿ ಉಳಿಸಿಕೊಂಡ ವರ್ಷವೇ, ಜಾತ್ರೆಯ ದಾಸೋಹಕ್ಕೆ ಒಂದು ಲಕ್ಷ ರೂಪಾಯಿಯ ಚೆಕ್ಕನ್ನು ತಂದಿತ್ತಾಗ, ಮಠವು ಒಂದು ಮಾತನ್ನೂ ಕೇಳದೆ ಸ್ವೀಕರಿಸಿತು. ಶಾಲು ಹೊದಿಸಿದೆವು. ದಾಸೋಹ ಭವನದ ಕಲ್ಲಿನಲ್ಲಿ ಹೆಸರು ಕೊರೆಯಿಸಿದೆವು. ಆ ದಿನ ಪಂಕ್ತಿಯಲ್ಲಿ ಬಡಿಸಿದ ಹುಗ್ಗಿಯಲ್ಲಿ ಆ ಹುಡುಗನ ಎಂಟು ಮಂದಿ ಕೆಲಸಗಾರರ ಕೂಲಿಯೂ ಇತ್ತು. ಅದನ್ನು ಉಂಡವರಲ್ಲಿ ಆ ಹುಡುಗನೂ ಒಬ್ಬನಾಗಿದ್ದನು.

ಈಗ ಆ ಕಂಪನಿಯ ವ್ಯವಹಾರ ಲಿಕ್ವಿಡೇಟರರ ಕೈಯಲ್ಲಿದೆ. ಆ ಒಂದು ಲಕ್ಷ ರೂಪಾಯಿಯನ್ನು ಮಠವು ಅವರಿಗೆ ಒಪ್ಪಿಸಿದೆ. ಅದರಲ್ಲಿ ಆ ಹುಡುಗನ ಪಾಲಿಗೆ ಬರುವುದು ಅತ್ಯಲ್ಪವೆಂದು ಬಲ್ಲೆವು. ಆದರೂ ಅದು ಮಠದಲ್ಲಿ ಉಳಿಯತಕ್ಕ ಹಣವಾಗಿರಲಿಲ್ಲ.

ಇನ್ನು ಮುಂದಿನ ನಡೆಯನ್ನು ಎಲ್ಲರೂ ತಿಳಿಯತಕ್ಕದ್ದು. ಮೊದಲನೆಯದಾಗಿ, ಬರುವ ಜಾತ್ರೆಯಿಂದ ಮಠದ ಹಾಗೂ ಅದರ ವಿದ್ಯಾಸಂಸ್ಥೆಗಳ ಪರಿಶೋಧಿತ ಲೆಕ್ಕವನ್ನು ಧರ್ಮಸಭೆಯಲ್ಲಿ ಓದಿ ಹೇಳಲಾಗುವುದು. ಈ ಪತ್ರಿಕೆಯಲ್ಲಿಯೂ ಅಚ್ಚುಮಾಡಲಾಗುವುದು. ಕಾನೂನು ಇಷ್ಟನ್ನು ಕೇಳಲಿ, ಕೇಳದಿರಲಿ. ನಿಮ್ಮ ಕಾಣಿಕೆಯ ಮೇಲೆ ನಿಂತ ನಾವು ನಿಮಗೆ ಲೆಕ್ಕ ಕೊಡಬೇಕಾದವರು. ಪ್ರಶ್ನೆ ಕೇಳುವವರು ಸಂಕೋಚಪಡಬಾರದು. ಎರಡನೆಯದಾಗಿ, ಹಿಂದಿನ ವರ್ಷದ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸದ ಯಾವ ಕಂಪನಿಯ ಕಾಣಿಕೆಯನ್ನೂ ಮಠವು ಸ್ವೀಕರಿಸುವುದಿಲ್ಲ. ಕಂಪನಿಯ ಚೆಕ್ಕಿನೊಡನೆ, ಲೆಕ್ಕ ಸಲ್ಲಿಸಿದ ರಸೀತಿಯ ಪ್ರತಿಯೂ ಬರಲಿ. ನಷ್ಟದ ಲೆಕ್ಕವಾದರೂ ಸರಿಯೇ. ನಷ್ಟವನ್ನು ಒಪ್ಪಿಕೊಂಡು ಬಂದವರನ್ನು ನಾವು ಹೆಚ್ಚು ಪ್ರೀತಿಯಿಂದ ಬರಮಾಡಿಕೊಳ್ಳುತ್ತೇವೆ, ಅವರಿಂದ ಕಾಣಿಕೆಯನ್ನು ಮಾತ್ರ ಕೇಳುವುದಿಲ್ಲ.

ಇದರಿಂದ ಜಾತ್ರೆಯ ಹುಗ್ಗಿ ತೆಳ್ಳಗಾಗಬಹುದೆಂದು ಮಠದ ಕಾರ್ಯಕರ್ತರು ಚಿಂತಿಸಿದರು. ತೆಳ್ಳಗಾಗಲಿ, ನುಚ್ಚು-ಮಜ್ಜಿಗೆ ಬಡಿಸೋಣ. ಉಂಡವರ ಹೊಟ್ಟೆಯಲ್ಲಿ ಇನ್ನೊಬ್ಬರ ಬಾಕಿ ಇರದಿದ್ದರೆ ಸಾಕು.

ಬರುವ ದೀಪಾವಳಿಗೆ ಹೊಸ ಪುಸ್ತಕಗಳನ್ನು ಅವಶ್ಯವಾಗಿ ತನ್ನಿರಿ. ಎಂದಿನಂತೆ ಶ್ರೀಕಾರ ಬರೆದುಕೊಡುತ್ತೇವೆ. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: "ಹಳೆಯ ಪುಸ್ತಕದ ಲೆಕ್ಕ ಒಪ್ಪಿಸಿದಿರಾ?" ಹೌದೆನ್ನುವಂತೆ ಬನ್ನಿರಿ. ಶಿವನು ನಿಮಗೂ ನಮಗೂ ಆ ಸದ್ಬುದ್ಧಿಯನ್ನು ಕರುಣಿಸಲಿ.